ರವೀಶನ ವ್ಯಾನಿಗೆ ಸೌಂಡು ಬಂದದ್ದು

ದೀಪಕನ ಗಾಡಿ ಹೊಸನಗರದ ಬಸ್‌ಸ್ಟ್ಯಾಂಡ್ ತಿರುವಿನಲ್ಲಿರುವಾಗಲೇ ರವೀಶನ ಅಡುಗೆಮನೆಯ ಲೋಟಗಳು ನಡುಗಲು ಶುರುಮಾಡುತ್ತಿದ್ದವು. ಆ ಬಾಡಿಗೆ ಗಾಡಿಯ ಹಿಂಭಾಗದಲ್ಲಿ ದಡಬಡ ಗುಡುಗುವ ಸ್ಪೀಕರ್, ಒಂದು ಸಬ್‌ವೂಫರ್ ಇತ್ತು. ರವೀಶನ ಹಳೇ ವ್ಯಾನಿನಲ್ಲಿ ಹಾರನ್ ಬಿಟ್ಟರೆ ಸದ್ದು ಮಾಡುತ್ತಿದ್ದುದು ಬಾಗಿಲುಗಳು ಮಾತ್ರ. ಮದುವೆ ದಿಬ್ಬಣಗಳೆಲ್ಲ ದೀಪಕನ ಪಾಲಾಗಿ, ತನಗೆ ಆಸ್ಪತ್ರೆಗೆ ಹೋಗುವವರು ಮತ್ತು ಅಲ್ಲಿಂದ ಬರುವವರು ಮಾತ್ರ ಸಿಗುವುದಕ್ಕೆ ಇದೇ ಕಾರಣವೆಂದು ರವೀಶ ನಂಬಿಬಿಟ್ಟಿದ್ದ.

ಹಾಗಾಗಿ ಇನ್ನು ನಾಲ್ಕೇ ದಿನಕ್ಕಿದ್ದ ತಮ್ಮ ಮಗಳು ಧನ್ಯಶ್ರೀಯ ಮದುವೆಗೆ ತೀರ್ಥಹಳ್ಳಿಗೆ ದಿಬ್ಬಣ ಹೊರಡಿಸಬೇಕಿದ್ದ ಚಂದ್ರಯ್ಯಗೌಡರು ಸ್ಟ್ಯಾಂಡಿಗೆ ಬಂದು, "ನಿನ್ ವ್ಯಾನಲ್ಲಿ ಸೌಂಡ್ ಸಿಸ್ಟಮ್ ಇದ್ಯಾ ಮಾರಾಯ?" ಎಂದು ಕೇಳಿದಾಗ ಅವನು ಹಿಂದೆಮುಂದೆ ನೋಡಲಿಲ್ಲ.

"ಇಲ್ದೆ ಇರ್ತದಾ ಗೌಡ್ರೆ? ಸಣ್ಣ ರಿಪೇರಿ ಇದೆ. ನಾಳೆ ಸಂಜೆ ಮನೆ ಹತ್ರ ಬಂದು ಕೇಳಿ."

ಗೌಡರ ಮುಖ ಯಾಕೋ ಸಣ್ಣದಾಯಿತು. "ಆಯ್ತು, ಬರ್ತೀನಿ," ಎಂದು ಹೋದರು. ಗೌಡರ ಮನೆಯ ದಿಬ್ಬಣ ಒಂದು ಸಿಕ್ಕರೆ ಈ ಸಲದ ಮದುವೆಗಳೆಲ್ಲ ತನ್ನ ಬಾಗಿಲಿಗೇ ಬರುತ್ತವೆ ಎಂದು ರವೀಶನಿಗೆ ಆ ರಾತ್ರಿ ನಿದ್ದೆಯೇ ಹತ್ತಲಿಲ್ಲ.

ಬೆಳಿಗ್ಗೆ ಸಾಗರಕ್ಕೆ ಹೊರಟವನ ಜೊತೆ ಪಕ್ಕದ ಮನೆಯ ಸುಬ್ಬರಾಯ ಭಟ್ಟರೂ ಹತ್ತಿದರು. ಯಾರು ಏನೇ ಕೊಳ್ಳಲು ಹೋದರೂ ಸಲಹೆ ಕೊಡಲು ಭಟ್ಟರು ಹೋಗಲೇಬೇಕು. ಅಲ್ಲಿನ ಸ್ಪೀಕರ್ ಅಂಗಡಿಯ ಹೇರಂಬ ಹೊಸ ಸಬ್‌ವೂಫರುಗಳ ಬೆಲೆ ಹೇಳಿದ ಮೇಲೆ ರವೀಶ ಅವುಗಳ ಕಡೆ ತಿರುಗಿಯೂ ನೋಡಲಿಲ್ಲ.

"ಸೆಕೆಂಡ್‌ಹ್ಯಾಂಡ್ ಒಂದಿದೆ ಅಣ್ಣ. ನಿನ್ನೆ ಸಂಜೆ ಬಂದಿದ್ದು, ಬಿಸಿ ಆರಿಲ್ಲ," ಎಂದು ಹೇರಂಬ ಎಂಟಿಂಚಿನ ಸ್ಪೀಕರೊಂದನ್ನು ಎತ್ತಿಟ್ಟ. ಅದರ ನಡುವೆ ಹುಲಿಮುಖದ ಸ್ಟಿಕ್ಕರ್ ಇತ್ತು. "ಪೆಟ್ಟಿಗೆ ಮಾತ್ರ ಬೇರೆ ತಗೋಬೇಕು."

"ಪೆಟ್ಟಿಗೆಗೆ ಎಂತಕ್ಕೆ ದುಡ್ಡು?" ಎಂದರು ಭಟ್ಟರು. ತಾವು ಮನೆಯಿಂದ ತಂದಿದ್ದ ಚೀಲದಿಂದ ಖಾಲಿ ಜೇನುಪೆಟ್ಟಿಗೆಯನ್ನೇ ಹೊರತೆಗೆದರು. "ಒಳ್ಳೆ ಮರ. ನಾಲ್ಕು ಪೆಟ್ಟಿಗೆ ಇಟ್ಟು ಇಡೀ ವರ್ಷ ಕಾದೆ, ಒಂದು ಜೇನು ಕುಟುಂಬನೂ ಬಂದು ಕೂರಲಿಲ್ಲ. ಹಾಡಾದ್ರೂ ಕೂರ್ಲಿ."

ಹೇರಂಬ ಪೆಟ್ಟಿಗೆಯನ್ನು ತಟ್ಟಿ ನೋಡಿ ತಲೆದೂಗಿದ. ಗಾಳಿ ಆಡಲು ಕೆಳಗೆ ತೂತು ಮೊದಲೇ ಇತ್ತು. ಸಂದುಗಳಲ್ಲಿ ಮಾತ್ರ ಗಾಳಿ ಸೋರಬಾರದು ಎಂದ. ಭಟ್ಟರು ಅದಕ್ಕೂ ತಯಾರಾಗಿಯೇ ಬಂದಿದ್ದರು. ಚೀಲದ ತಳದಿಂದ ಜೇನುಮೇಣದ ಉಂಡೆ ತೆಗೆದು, ಬಿಸಿಮಾಡಿ, ಸಂದುಸಂದಿಗೂ ಧಾರಾಳವಾಗಿ ಬಳಿದರು. ಹೇರಂಬ ಹುಲಿಮುಖ ಹೊರಗೆ ಕಾಣುವ ಹಾಗೆ ಸ್ಪೀಕರನ್ನು ಅದಕ್ಕೆ ಅಂಟಿಸಿ, ವ್ಯಾನಿನ ಹಿಂಭಾಗದಲ್ಲಿ ಕೂರಿಸಿದ.

"ಅಂಟು ಒಣಗೋವರೆಗೆ ಹಿಂದಿನ ಬಾಗಿಲು ತೆಗೆದು ನೆರಳಲ್ಲಿ ನಿಲ್ಸಿ. ಸಂಜೆವರೆಗೆ ಹಾಡು ಹಾಕ್ಬೇಡಿ," ಎಂದು ಹೇರಂಬ ಕಳಿಸಿಕೊಟ್ಟ.

ರವೀಶ ಮನೆಗೆ ಬಂದು ಹಲಸಿನ ಮರದ ಕೆಳಗೆ ವ್ಯಾನು ನಿಲ್ಲಿಸಿ, ಹಿಂದಿನ ಬಾಗಿಲು ಎತ್ತಿಟ್ಟು, ಉಂಡು ಮಲಗಿದ. ಅವನನ್ನು ಎಬ್ಬಿಸಿದವಳು ಹೆಂಡತಿ ಸರೋಜ.

"ಹಾಡು ಹಾಕಿ ಮಲಗಿದೀರಾ? ಬರೀ ಗುಂಯ್ ಅಂತಿದೆ."

"ಕೀ ನನ್ನ ಜೇಬಲ್ಲೇ ಇದೆಯಲ್ಲೇ."

ಬೀದಿಯಲ್ಲಿ ಆಗಲೇ ಎದುರುಮನೆಯ ಹಾಲಮ್ಮ ನಿಂತಿದ್ದಳು. "ಆಫ್ ಮಾಡಿದ್ರೂ ಇಷ್ಟು ಸದ್ದು ಬರ್ತದೆ ಅಂದ್ರೆ ಆನ್ ಮಾಡಿದ್ರೆ ಹೆಂಗಿರ್ತದೋ ರವೀಶ," ಎಂದಳು. ರವೀಶನಿಗೆ ಎದೆಯುಬ್ಬಿದರೂ ಒಳಗೊಳಗೆ ಅಳುಕಾಗಿ ಹೇರಂಬನಿಗೆ ಫೋನ್ ಮಾಡಿದ.

"ಅರ್ಥಿಂಗ್ ಸರಿ ಕೂತಿಲ್ಲ ಅಣ್ಣ, ಅದಕ್ಕೇ ಗುಂಯ್ ಅಂತದೆ. ತೂತಿಗೆ ಕಿವಿ ಇಟ್ಟು ನೋಡಿ, ಸದ್ದು ಒಳಗಿಂದ ಬರ್ತಿದ್ಯಾ ಅಂತ."

ರವೀಶ ವ್ಯಾನಿನೊಳಗೆ ಬಗ್ಗಿ ತೂತಿಗೆ ಕಿವಿ ಇಟ್ಟ. ಸದ್ದು ಒಳಗಿಂದಲೇ ಬರುತ್ತಿತ್ತು. ಅದನ್ನು ಹೇರಂಬನಿಗೆ ತಿಳಿಸುವ ಮೊದಲೇ ಫೋನು ಒಂದು ಕಡೆ, ಚಪ್ಪಲಿ ಒಂದು ಕಡೆ ಬಿಟ್ಟು ಅವನು ಬಚ್ಚಲಿಗೆ ಓಡಿದ್ದ.

ಹೊರಬಂದಾಗ ಎಡಗಿವಿ ಉದ್ದಿನ ವಡೆಯ ಹಾಗೆ ಊದಿತ್ತು. ಭಟ್ಟರು ವ್ಯಾನಿನ ಮುಂದೆ ಕೈಮುಗಿದು ನಿಂತಿದ್ದರು. "ತುಡುವೆ ಜೇನು, ರವೀಶ. ತುಂಬಿದ ಕುಟುಂಬ. ಮೇಣದ ವಾಸನೆಗೆ ತಾವಾಗೇ ಬಂದಿದ್ದಾವೆ. ನಿನ್ನ ಕೈಗುಣ."

"ಕೈಗುಣ ಅಲ್ಲ ಭಟ್ರೆ, ಕಿವಿ. ಗೌಡ್ರು ಬರೋ ಹೊತ್ತಾಯ್ತು. ಓಡಿಸಿ ಇದನ್ನ."

"ಕೂತ ಜೇನು ಓಡಿಸ್ತಾರಾ? ಎಂಟು ದಿನ ಪೆಟ್ಟಿಗೆ ಅಲ್ಲಾಡ್ಸೋ ಹಾಗಿಲ್ಲ. ಗಾಡಿ ಸ್ಟಾರ್ಟ್ ಕೂಡ ಮಾಡೋ ಹಾಗಿಲ್ಲ."

ಈ ವಾದದ ನಡುವೆ ಗಾಡಿಯೊಂದು ಬಂದು ಹಿಂದೆ ನಿಂತದ್ದು ಯಾರಿಗೂ ಕೇಳಿಸಲಿಲ್ಲ. ತಿರುಗಿ ನೋಡಿದರೆ ದೀಪಕನ ಗಾಡಿ. ಲೋಟಗಳು ಒಂದೂ ನಡುಗಿರಲಿಲ್ಲ. ಚಂದ್ರಯ್ಯಗೌಡರು ಇಳಿದರು. ಒಳಗೆ ಅವರ ತಾಯಿ ಮೂಕಮ್ಮ ಎಲೆ ಅಡಿಕೆ ಮೆಲ್ಲುತ್ತಾ ಕಣ್ಣುಮುಚ್ಚಿ ಸುಖವಾಗಿ ಕೂತಿದ್ದರು.

"ಬರ್ತೀನಿ ಅಂದಿದ್ದೆ, ಹೇಳಿ ಹೋಗೋಣ ಅಂತ ಬಂದೆ," ಎಂದರು ಗೌಡರು. "ನಮ್ಮವ್ವಂಗೆ ಈ ದಡಬಡ ಕೇಳಿದ್ರೆ ತಲೆ ಸುತ್ತಿ ವಾಂತಿ. ಸೌಂಡ್ ಇಲ್ದಿರೋ ಗಾಡಿ ಹುಡುಕ್ತಿದ್ದೆ. ನಿನ್ನ ವ್ಯಾನೇ ಸರಿ ಅಂತ ಕೇಳಿದ್ರೆ ನೀನು ಇದೆ ಅಂದೆ. ದೀಪಕ ಪಾಪ, ನಿನ್ನೆ ಸಂಜೆನೇ ಸಾಗರಕ್ಕೆ ಹೋಗಿ ತನ್ನ ಸ್ಪೀಕರ್ ಕಿತ್ತು ಹಾಕಿಸಿ ಬಂದ."

ರವೀಶನಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ. "ಗೌಡ್ರೆ, ನಂದ್ರಲ್ಲೂ ಸೌಂಡಿಲ್ಲ. ಆಣೆ ಮಾಡ್ತೀನಿ. ಈಗ್ಲೇ ಕಿತ್ತು ಬಿಸಾಕ್ತೀನಿ."

"ನೆಂಟರಿಗೆ ಇನ್ನೊಂದು ಗಾಡಿ ಬೇಕಾಗಿದ್ದಂತೂ ಹೌದು," ಎಂದು ಗೌಡರು ವ್ಯಾನಿನ ಹತ್ತಿರ ಹೋದವರು ಹಾಗೇ ನಿಂತರು. ಅವರೂ ಜೇನು ಸಾಕಿದವರೇ. ದನಿ ತಗ್ಗಿಸಿ, "ಇವತ್ತೇ ಕೂತಿದ್ದಾ ಭಟ್ರೆ? ಹಂಗಾದ್ರೆ ಮುಟ್ಬೇಡ ರವೀಶ. ಬಂದ ಜೇನು ಎಬ್ಸಿ ನಮ್ಮನೆ ಮದುವೆ ಆಗೋದು ಬೇಡ," ಎಂದರು.

ದೀಪಕ ಮಾತ್ರ ದೂರದಿಂದಲೇ ಕತ್ತು ಉದ್ದ ಮಾಡಿ ಪೆಟ್ಟಿಗೆಯನ್ನು ನೋಡುತ್ತಿದ್ದ.

"ರವೀಶಣ್ಣ, ಅದು ನನ್ನ ಹುಲಿ ಅಲ್ವಾ? ಇಷ್ಟು ಬೇಗ ಯಾರು ತಗೋತಾರೆ ಅಂತ ಹೇರಂಬಂಗೆ ಕೇಳಿದ್ದೆ," ಎಂದ. ರವೀಶ ಊದಿದ ಕಿವಿ ಉಜ್ಜಿಕೊಂಡ. ದೀಪಕನಿಗೆ ಪಾಪ ಅನ್ನಿಸಿರಬೇಕು. ಹತ್ತಿರ ಬಂದು ಮೆಲ್ಲಗೆ ಹೇಳಿದ:

"ಬೇಜಾರ್ ಮಾಡ್ಕೋಬೇಡ. ದಿಬ್ಬಣಕ್ಕೆ ನನ್ನ ಗಾಡೀಲೇ ಬಾ. ಹಿಂದಿನ ಸ್ಪೀಕರ್ ಪೆಟ್ಟಿಗೆ ತೆಗೆದ ಮೇಲೆ ಅಲ್ಲಿ ಒಬ್ರು ಆರಾಮಾಗಿ ಕೂರ್ಬಹುದು."