ನನ್ನ ಅಜ್ಜಿಯನ್ನು ಲಿಂಗೈಕ್ಯರನ್ನಾಗಿಸಿದ ಟ್ಯಾರೋ ಆಪ್‌ಗೆ

'ಒಳದನಿ' ಎಂಬ ಟ್ಯಾರೋ ಮತ್ತು ಪುಸ್ತಕ ಸಲಹೆಯ ಆಪ್ ನಡೆಸುವ ಮಾನ್ಯರೇ,

ಊರಿನವರೆಲ್ಲರ ಹಣೆಬರಹವನ್ನು ಒಂದೇ ಸರ್ವರಿನಲ್ಲಿ ಹೊತ್ತು ದಣಿದಿರುವ ತಮಗೆ ಶಿವಮೊಗ್ಗದ ಲೇಡೀಸ್ ಹಾಸ್ಟೆಲ್ಲಿನಿಂದ ಶರಣು. ಬರೆಯುತ್ತಿರುವುದಕ್ಕೇ ಮೊದಲು ಕ್ಷಮಿಸಬೇಕು. ಚಿಕ್ಕಂದಿನಿಂದ ಹಾಸ್ಟೆಲ್ಲಿನಲ್ಲೇ ಬೆಳೆದವಳಾದ್ದರಿಂದ ರಜೆ ಅರ್ಜಿ ಬಿಟ್ಟು ಬೇರೆ ಪತ್ರ ಬರೆದು ಗೊತ್ತಿಲ್ಲ, ನನ್ನ ಕನ್ನಡವೂ ಅರ್ಧ ದಾರಿಯಲ್ಲಿ ಇಂಗ್ಲಿಷಿನ ಬಸ್ಸು ಹತ್ತಿಬಿಡುತ್ತದೆ. ಆದರೆ ಮ್ಯಾಟರ್ ಸೀರಿಯಸ್ಸು.

ನಾನು ಇಂಜಿನಿಯರಿಂಗ್ ಮೊದಲ ವರ್ಷ, ಕಂಪ್ಯೂಟರ್ ಬ್ರಾಂಚು. ನನಗೆ ಬೇಕಾಗಿರುವುದು ಮೆಕ್ಯಾನಿಕಲ್. ಮಾಚೇನಹಳ್ಳಿಯಲ್ಲಿ ಅಪ್ಪನದೊಂದು ಲೇತ್ ವರ್ಕ್‌ಶಾಪ್ ಇದೆ, ರಜೆಗಳೆಲ್ಲ ಅಲ್ಲೇ ಕಳೆದು ಕಬ್ಬಿಣ ಸುರುಳಿ ಸುರುಳಿಯಾಗಿ ಬಿಚ್ಚಿಕೊಳ್ಳುವುದನ್ನು ನೋಡಿ ಬೆಳೆದವಳು. ಬ್ರಾಂಚ್ ಬದಲಿಸಲು ಈ ತಿಂಗಳ ಕೊನೆಯವರೆಗೆ ಅವಕಾಶವಿದೆ, ಆದರೆ ಅದಕ್ಕೂ ಮೊದಲು ಭದ್ರಾವತಿಯ ನನ್ನ ಅಜ್ಜಿ ವೀರಮ್ಮನವರಿಗೆ ಹೇಳಬೇಕು. ಯಾಕೆಂದರೆ ಕಂಪ್ಯೂಟರ್ ಎಂದು ತೀರ್ಮಾನವಾಗಿದ್ದು ನನ್ನ ರ‍್ಯಾಂಕಿನಿಂದಲ್ಲ, ಅಜ್ಜಿ ಮನೆದೇವರು ವೀರಭದ್ರನ ಮುಂದೆ ಕೂತು ಪ್ರಸಾದ ಕೇಳಿದಾಗ ಹೂವು ಬಲಕ್ಕೆ ಬಿದ್ದಿದ್ದರಿಂದ. ಬಲಕ್ಕೆ ಬಿದ್ದ ಹೂವಿನ ಮೇಲೆ ನಮ್ಮ ಮನೆಯಲ್ಲಿ ಅಪೀಲು ಹೋಗುವ ಪದ್ಧತಿಯಿಲ್ಲ. ಅಪ್ಪನೇ ಹೋಗುವುದಿಲ್ಲ.

ಆದ್ದರಿಂದ ಅಜ್ಜಿಗೆ ಹೇಳುವುದು ಹೇಗೆಂದು ವೀರಭದ್ರನಿಗೆ ಗೊತ್ತಾಗದ ಹಾಗೆ ತಮ್ಮನ್ನು ಕೇಳಿದೆ. ತಾವು ದಿನಕ್ಕೊಂದು ಕಾರ್ಡು, ಕಾರ್ಡಿಗೊಂದು ಪುಸ್ತಕ ದಯಪಾಲಿಸಿದಿರಿ. ಎಂಥ ಪುಸ್ತಕಗಳು ಮಾನ್ಯರೇ! ಎಲ್ಲವನ್ನೂ ಬಿಟ್ಟು ದ್ವೀಪಕ್ಕೆ ಹೋಗಿ ಬ್ರೆಡ್ ಸುಡುತ್ತಾ ತನ್ನನ್ನು ತಾನು ಕಂಡುಕೊಂಡ ಹೆಂಗಸಿನ ಆತ್ಮಕಥೆಯನ್ನು ಕೇಳಿದಾಗ ಲೈಬ್ರರಿಯ ಕಲ್ಲಪ್ಪನವರು, ದ್ವೀಪದ್ದು ಇಲ್ಲಮ್ಮ, ಥರ್ಮೋಡೈನಮಿಕ್ಸ್ ಇದೆ ಕೊಡ್ಲಾ, ಎಂದರು. ರೂಮ್‌ಮೇಟ್ ಮೋನಿಕಾ, ಒಂದು ಫೋನ್ ಮಾಡಿ ಹೇಳೋದಕ್ಕೆ ಇಷ್ಟೆಲ್ಲಾ ಲೈಬ್ರರಿ ಬೇಕಾ ಮಾರಾಯ್ತಿ, ಎಂದಳು. ಅವಳ ಆತ್ಮ ಇನ್ನೂ ಎಚ್ಚೆತ್ತಿಲ್ಲವೆಂದು ತಾವು ಕಲಿಸಿದ ಮಾತಿನಲ್ಲೇ ಮನ್ನಿಸಿದೆ.

ಕಳೆದ ಸೋಮವಾರ ತಾವು ಮರಣದ ಕಾರ್ಡು ಕೊಟ್ಟಿರಿ: ಬಿಳಿ ಕುದುರೆ, ಅದರ ಮೇಲೊಂದು ಅಸ್ಥಿಪಂಜರ. ಹೆದರಬೇಡಿ, ಇದು ಸಾವಲ್ಲ, ಬದಲಾವಣೆ ಎಂದಿರಿ. ಯಾರಿಗೆ ಸತ್ಯ ಹೇಳಲು ಅಂಜುತ್ತೀರೋ ಅವರ ಫೋಟೋವನ್ನು ಈ ಕಾರ್ಡಿನ ಪಕ್ಕ ಇಟ್ಟು, 'ವಿದಾಯ, ಮುಂದಿನ ಪಯಣ ಬೆಳಕಾಗಲಿ' ಎಂದು ಬರೆದು ಜಗತ್ತಿನೊಂದಿಗೆ ಹಂಚಿಕೊಳ್ಳಿ ಎಂದಿರಿ. ನಾನು ಹಣೆತುಂಬ ವಿಭೂತಿಯಿದ್ದ ಅಜ್ಜಿಯ ಫೋಟೋ ಹುಡುಕಿ, ತಾವು ಹೇಳಿದ್ದನ್ನೇ ಬರೆದು, ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿ ಲ್ಯಾಬಿಗೆ ಹೋದೆ.

ನಮ್ಮ ಕಡೆ ವಿಭೂತಿ ಹಚ್ಚಿದ ಹಿರಿಯರ ಫೋಟೋ ವಿದಾಯದ ಜೊತೆ ಸ್ಟೇಟಸ್ಸಿಗೆ ಬರುವುದು ಒಂದೇ ಕಾರಣಕ್ಕೆ ಎಂಬುದು ತಮಗೆ ಗೊತ್ತಿರಲಿಲ್ಲ, ನನಗೆ ಗೊತ್ತಿರಬೇಕಿತ್ತು. ನಾನು ಲ್ಯಾಬಿನಿಂದ ಹೊರಬರುವಷ್ಟರಲ್ಲಿ ಅಜ್ಜಿಯ ತಮ್ಮ ಶಿವಮೂರ್ತಪ್ಪನವರು ಶಿವಮೊಗ್ಗದ ಗೋಪಾಳದಿಂದ ಆಳೆತ್ತರದ ಹಾರ ಹಿಡಿದು, ಕಾರಿನ ತುಂಬ ಅಳುವವರನ್ನು ಕೂರಿಸಿಕೊಂಡು ಭದ್ರಾವತಿ ತಲುಪಿಯಾಗಿತ್ತು. ಬಾಗಿಲು ತೆಗೆದದ್ದು ಅಜ್ಜಿಯೇ, ಕೈಯಲ್ಲಿ ಅವರೆಕಾಯಿಯ ಮೊರ. ಯಾರು ಹೋದ್ರೋ ತಮ್ಮಾ ಎಂದು ಕೇಳಿ, ಉತ್ತರ ಬರುವ ಮೊದಲೇ ತಾವೂ ಅಳತೊಡಗಿದರಂತೆ.

ಇಷ್ಟು ಪರಿಣಾಮಕಾರಿಯಾದ ಸೇವೆಯನ್ನು ನಾನು ಇನ್ನೆಲ್ಲೂ ಕಂಡಿಲ್ಲ. ನಮ್ಮ ವೀರಭದ್ರ ಬರೀ ಹೂವು ಬೀಳಿಸುತ್ತಾನೆ, ತಾವು ಆಳನ್ನೇ ಬೀಳಿಸಿದಿರಿ. ಅಭಿಮಾನದಿಂದ ಕೆಲವು ವಿನಂತಿಗಳಿವೆ. ಭಾನುವಾರ ಅಜ್ಜಿ ಬಸ್ಸಿನಲ್ಲಿ ಹಾಸ್ಟೆಲ್ಲಿಗೆ ಬರುತ್ತಿದ್ದಾರೆ, ನನ್ನನ್ನು ಸಾಯಿಸಿದ್ದು ಯಾಕೆ ಅಂತ ಮುಖ ನೋಡಿ ಕೇಳ್ಬೇಕಂತೆ. ಆ ಹೊತ್ತಿಗೆ ತಮ್ಮ ಚಕ್ರವರ್ತಿ ಕಾರ್ಡನ್ನು ಖುದ್ದಾಗಿ, ಸಿಂಹಾಸನ ಸಮೇತ, ವಿಸಿಟರ್ಸ್ ರೂಮಿನ ಬೆಂಚಿನ ಮೇಲೆ ನಮ್ಮಿಬ್ಬರ ನಡುವೆ ಕೂರಲು ಕಳಿಸಿಕೊಡಬೇಕು. ಅವರು ಕನ್ನಡ ಬಲ್ಲವರಾದರೆ ಮೆಕ್ಯಾನಿಕಲ್ ವಿಷಯವನ್ನು ಅವರೇ ಎತ್ತಲಿ. ಗ್ರೀಸು ಮೆತ್ತಿದ ಕೈಗೆ ಬಳೆ ಯಾರು ತೊಡಿಸ್ತಾರೆ ಎಂದು ಅಜ್ಜಿ ಕೇಳುವುದು ಖಚಿತ, ಉತ್ತರವನ್ನು ಕಿರೀಟದೊಳಗೆ ಬರೆದಿಟ್ಟುಕೊಂಡು ಬರಲಿ.

ಎಷ್ಟೇ ಬದಲಾದರೂ ಅನ್‌ಇನ್‌ಸ್ಟಾಲ್ ಮಾಡಲು ಧೈರ್ಯ ಬಾರದ,
ತಮ್ಮ ವಿಶ್ವಾಸಿ,
ಶಾಂಭವಿ

ತಾ.ಕ.: ಇಷ್ಟು ಬರೆದ ಮೇಲೆ ತಡೆಯಲಾಗದೆ ನಾನೇ ಫೋನ್ ಮಾಡಿ ಅಜ್ಜಿಗೆ ಎಲ್ಲಾ ಹೇಳಿಬಿಟ್ಟೆ. ಅಜ್ಜಿ, ಇಷ್ಟೇನಾ, ಇದನ್ನು ಹೇಳೋಕೆ ನನ್ನನ್ನ ಸಾಯಿಸ್ಬೇಕಿತ್ತಾ ಮುಂಡೇದೇ, ಅರ್ಜಿ ಹಾಕು, ವೀರಭದ್ರನ ಹತ್ರ ನಾನು ಮಾತಾಡ್ತೀನಿ, ಎಂದರು. ಆದ್ದರಿಂದ ಚಕ್ರವರ್ತಿಗಳು ಬರುವುದು ಬೇಡ. ಆದರೆ ಓಣಿಯವರು ಇನ್ನೂ ಅಜ್ಜಿಯನ್ನು ಅನುಮಾನದಿಂದ ನೋಡುತ್ತಿದ್ದಾರಂತೆ. ಮನುಷ್ಯರು ಬದುಕಿದ್ದಾರೆ ಎಂದು ಹೇಳುವ ಕಾರ್ಡು ತಮ್ಮ ಕಟ್ಟಿನಲ್ಲಿ ಇದ್ದರೆ ಬೇಗ ಕಳಿಸಿ, ಸ್ಟೇಟಸ್ಸಿಗೆ ಹಾಕಬೇಕು.