ಅಣ್ಣನ ಮಗಳ ಬಣ್ಣದ ಡಬ್ಬಿಗಳು

ಎಂಬತ್ತರ ದಶಕದ ಕೊನೆ. ಬಿ.ಎಸ್ಸಿ. ಮುಗಿಸಿ ಮಸ್ಕಿಯ ಮನೆಯಲ್ಲಿ ಕೆಲಸಕ್ಕೆ ಕಾಯುತ್ತಿದ್ದೆ. ಹೊತ್ತು ಹೋಗಲೆಂದು ಅಣ್ಣನ ಮಗಳ ಬಣ್ಣ, ಕಾಗದ, ಅಂಟುಗಳನ್ನು ಅಚ್ಚುಕಟ್ಟಾಗಿ ಜೋಡಿಸಿಡತೊಡಗಿದೆ. ನಾನು ಒಂದನ್ನು ಜೋಡಿಸಿದಾಗಲೆಲ್ಲ ಮನೆಯಲ್ಲಿ ಇನ್ನೊಂದು ಕೆಡುತ್ತಿತ್ತು.

೧. ಮೇಣದ ಬಣ್ಣ

ಸಿಂಧನೂರಿನಿಂದ ತಂದ ಮೇಣದ ಬಣ್ಣದ ಕಡ್ಡಿಗಳನ್ನು ಕಾಮನಬಿಲ್ಲಿನ ಕ್ರಮದಲ್ಲಿ ಬಿಸ್ಕಿಟ್ ಡಬ್ಬಿಯಲ್ಲಿಟ್ಟೆ. ಯಾರ ಕೈಗೂ ಸಿಗಬಾರದೆಂದು ಹಿತ್ತಲ ಕೋಣೆಯಲ್ಲಿ ತಗಡಿನ ಮಾಡಿಗೆ ತಾಗಿದಂತಿದ್ದ ಹಲಗೆಗೆ ಏರಿಸಿದೆ. ಮೇ ತಿಂಗಳು. ವಾರದ ಮೇಲೆ ತೆಗೆದರೆ ಒಂದು ಕಡ್ಡಿಯೂ ಇಲ್ಲ. ತಳದಲ್ಲಿ ಕಂದು ಬಣ್ಣದ ಒಂದೇ ಬಿಲ್ಲೆ.

ಅಣ್ಣ ಡಬ್ಬಿಯಲ್ಲಿ ಇಣುಕಿದ. "ಮೇಣ ಕರಗತೈತಿ ಅನ್ನೋದು ಎಷ್ಟನೇ ವರ್ಷಕ್ಕ ಕಲಸ್ತಾರಲೇ? ನೀ ಮೂರ ವರ್ಷಕ್ಕ ಬಿಟ್ಟಿ."

೨. ಅಂಟು

ಒಂದು ಬೋಗುಣಿ ಮೈದಾ ಅಂಟು ಕುದಿಸಿ, ಆರಲು ಇಟ್ಟು ಪೇಟೆಗೆ ಹೋದೆ. ಬರುವಷ್ಟರಲ್ಲಿ ಅವ್ವ ಅದನ್ನು ಅತ್ತಿಗೆ ಕಾಸಿಟ್ಟ ಸಂಡಿಗೆ ಹಿಟ್ಟೆಂದು ತಿಳಿದು, ಅಂಗಳದಲ್ಲಿ ಹಳೆ ಸೀರೆ ಹಾಸಿ ಸಾಲುಸಾಲಾಗಿ ಹಾಕಿದ್ದಳು. ನಿಜ ಹೇಳದೆ ಖಾಲಿ ಬೋಗುಣಿ ತೊಳೆದಿಟ್ಟೆ. ನಾಲ್ಕು ದಿನಕ್ಕೆ ಅವು ಎಣ್ಣೆ ಕಂಡು ಪಕ್ಕದ ಮನೆಗೂ ಹೋದವು. ಆ ಮನೆಯ ಸೊಸೆ ತಾಟು ಮರಳಿಸಲು ಬಂದಾಗ ನಾನು ಬಾಗಿಲ ಹಿಂದೆ ಸರಿದೆ.

"ಚಲೋ ಅದಾವ್ರಿ ಅತ್ತಿ. ಉಪ್ಪು ಒಂಚೂರು ಕಡಿಮಿ ಆಗೈತಿ ನೋಡ್ರಿ."

೩. ಮಣ್ಣಿನ ಜೋಡಿ

ಹುಡುಗಿ ಶಾಲೆಗೆಂದು ಎರಡು ಮಣ್ಣಿನ ಬೊಂಬೆ ಮಾಡಿದ್ದಳು. ಮಾಸ್ತರರು ಒಪ್ಪಿದರೆ ಅವು ಲಿಂಗಸುಗೂರಿನ ಪ್ರದರ್ಶನಕ್ಕೆ, ಜೊತೆಗೆ ಆಕೆಯೂ. ಹದಿನೈದು ದಿನದಿಂದ ಮನೆಯಲ್ಲಿ ಅದೇ ಮಾತು. ಒಣಗಿದ ಮೇಲೆ ನಾನೇ ಎತ್ತಿ ಒಂದು ಡಬ್ಬಿಯಲ್ಲಿ ಭದ್ರ ಮಾಡಿದೆ.

ಮರುದಿನ ಮಣ್ಣೆತ್ತಿನ ಅಮಾವಾಸ್ಯೆ. ಮೊಮ್ಮಗಳು ಹಬ್ಬಕ್ಕೇ ಎತ್ತು ಮಾಡಿಟ್ಟಿದ್ದಾಳೆಂದು ಹಿಗ್ಗಿದ ಅವ್ವ, ಕುಂಕುಮ ಹಚ್ಚಿ, ಹೋಳಿಗೆ ಎಡೆ ಹಿಡಿದು, ಆಕೆ ಶಾಲೆಯಿಂದ ಬರುವ ಮೊದಲೇ ಎರಡನ್ನೂ ಬಾವಿಗೆ ಬಿಟ್ಟಿದ್ದಳು. ಹುಡುಗಿ ಅತ್ತದ್ದು ಓಣಿಗೆಲ್ಲ ಕೇಳಿತು. ಅವ್ವನಿಗೆ ಆಶ್ಚರ್ಯ. "ಪೂಜಿ ಆದ ಎತ್ತು ಮನ್ಯಾಗ ಇಟ್ಕೋತಾರೇನ ಬೇ?"

ಮಾರನೆಯ ದಿನ ಮಾಸ್ತರರ ಮುಂದೆ ಹುಡುಗಿಯನ್ನು ನಿಲ್ಲಿಸಿ, ನಡೆದದ್ದನ್ನೆಲ್ಲ ಹೇಳಿದೆ. ಅವರು ಮೇಜಿನ ಮೇಲಿದ್ದ ಉಳಿದ ಮಕ್ಕಳ ಬೊಂಬೆಗಳ ಕಡೆ ಕೈ ತೋರಿಸಿದರು.

"ವಯಸ್ಸಾದಾಕಿ ಎತ್ತಂತ ಗುರ್ತ ಹಿಡದು ಪೂಜಿ ಮಾಡ್ಯಾಳಂದ್ರ ಇನ್ನೇನು ಪರೀಕ್ಷಾ ಬೇಕ್ರಿ? ಉಳದವ್ರು ತಂದದ್ದು ಯಾವ ಪ್ರಾಣಿ ಅನ್ನೋದ ನನಗ ತಿಳಿವಲ್ದು. ಅಂಥವ ಇನ್ನೊಂದು ಜೋಡಿ ಮಾಡ್ಲಿ. ಲಿಂಗಸುಗೂರಿಗೆ ಈಕಿನ ಹೋಗ್ಲಿ."

ಗೆದ್ದೆನೆಂದು ಹೊರಗೆ ಬಂದೆ. ಹುಡುಗಿ ಕಣ್ಣೊರೆಸಿಕೊಂಡು ನನ್ನ ಅಂಗಿ ಜಗ್ಗಿದಳು.

"ಕಾಕಾ, ಎತ್ತು ಹೆಂಗ ಮಾಡ್ತಾರ? ನಾ ಮಾಡಿದ್ದು ಆನಿ. ನೀ ಡಬ್ಬ್ಯಾಗ ತುರುಕಿದಾಗ ಸೊಂಡಿ ಮುರದಾವು."