ಉಗುರಿನ ಬಣ್ಣಕ್ಕೆ ಕಟ್ಟಿದ ಪಂಥ

ಬಣ್ಣದ ಮಾತು ಬಂದರೆ ರಿಪ್ಪನ್‌ಪೇಟೆಯ ಸುತ್ತಮುತ್ತ ನನ್ನೆದುರು ಯಾರೂ ಬಾಯಿ ತೆರೆಯುವುದಿಲ್ಲ ಎಂದೇ ನಾನು ತಿಳಿದಿದ್ದೆ. ಯಾರ ಮನೆಯಲ್ಲಿ ಮದುವೆಯಾದರೂ ಹಸೆಗೋಡೆ ಬರೆಯುವುದಕ್ಕೆ ಈ ಗುತ್ಯಮ್ಮನೇ ಆಗಬೇಕು. ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿ ಅರೆದ ಬಿಳಿ, ಅಕ್ಕಿ ಸುಟ್ಟ ಕಪ್ಪು, ಗುರಿಗೆ ಕಾಯಿಯ ಹಳದಿ, ಇವನ್ನು ತೆಂಗಿನ ಗರಟೆಗಳಲ್ಲಿ ಸಾಲಾಗಿಟ್ಟುಕೊಂಡು, ಪುಂಡಿ ನಾರಿನ ಕುಂಚ ಹಿಡಿದು ನಾನು ಎಳೆ ಎಳೆಯತೊಡಗಿದರೆ ಜಗಲಿಯಲ್ಲಿದ್ದವರು ಎಲೆಯಡಿಕೆ ಜಗಿಯುವುದನ್ನೂ ನಿಲ್ಲಿಸುತ್ತಾರೆ. ಮದುಮಕ್ಕಳು ಕೂರುವುದು ಆ ಚಿತ್ತಾರದ ಮುಂದೆ. ಎಳೆ ಸೊಟ್ಟಗಾದರೆ ಸಂಸಾರವೂ ಸೊಟ್ಟಗೆ ಎಂದು ನಂಬುವವರು ಇನ್ನೂ ಇದ್ದಾರೆ. (ನನ್ನ ಮದುವೆಯ ಹಸೆಯನ್ನು ಯಾರು ಬರೆದರೋ, ಅವರನ್ನು ಹುಡುಕುತ್ತಿದ್ದೇನೆ.)

ಊರೆಲ್ಲ ಹೊಗಳಿದರೂ ಹೊಗಳದ ಒಂದು ಪ್ರಾಣಿ ನಮ್ಮ ಮನೆಯಲ್ಲೇ ಇದೆ. ಮಾಸ್ತಪ್ಪ ಎಂದು ಹೆಸರು. ನನ್ನ ಯಜಮಾನರು. ನಾನು ಬರೆದ ಎಷ್ಟೋ ಹಸೆಗಳ ಮುಂದೆ ಕೂತು ಪಾಯಸ ಉಂಡಿದ್ದಾರೆ, ಪಾಯಸ ಚೆನ್ನಾಗಿದೆ ಎಂದಿದ್ದಾರೆ. ಹಸೆಯ ಬಗ್ಗೆ ಚಕಾರ ಎತ್ತಿದವರಲ್ಲ.

ಇಂಥ ನನಗೆ ಬಣ್ಣದ ಪಾಠ ಹೇಳಲು ಸಾಗರದಿಂದ ಬಸ್ಸು ಹತ್ತಿ ಬಂದವಳು ಸರೋಜ. ನನ್ನ ಮೊಮ್ಮಗಳು ಶರಾವತಿಯನ್ನು ಸಾಗರದ ಹುಡುಗನಿಗೆ ಕೊಡುವುದೆಂದು ಗೊತ್ತಾಗಿತ್ತಷ್ಟೆ, ಆ ಹುಡುಗನ ಅಕ್ಕ. ಆಸ್ಪತ್ರೆಯಲ್ಲಿ ನರ್ಸು. ಮಾತೂ ಹಾಗೆಯೇ, ಚುರುಕ್ಕೆಂದು ಚುಚ್ಚಿ, ಆಮೇಲೆ ಹತ್ತಿಯಲ್ಲಿ ಒರೆಸುತ್ತಾಳೆ. ಕೈಚೀಲದಿಂದ ಹೆಬ್ಬೆರಳು ಗಾತ್ರದ ಮೂರು ಶೀಷೆ ತೆಗೆದು ಜಗಲಿಯ ಮೇಲಿಟ್ಟಳು.

"ನೈಲ್ ಪಾಲಿಶ್ ಅಜ್ಜಿ. ಧಾರೆ ಹೊತ್ತಿಗೆ ಫೋಟೋ ತೆಗೆಸ್ತೀವಲ್ಲ, ಹುಡುಗಿ ಕೈ ಚೆಂದ ಕಾಣ್ಬೇಕು. ಇದು ಕೆಂಪು, ಇದು ಗುಲಾಬಿ, ಇದು ಮುತ್ತಿನ ಹೊಳಪಿಂದು. ಫೋಟೋಕ್ಕೆ ಈ ಮುತ್ತಿಂದೇ ಸರಿ."

ನಾನು ಶೀಷೆ ಎತ್ತಿ ಬೆಳಕಿಗೆ ಹಿಡಿದೆ. ಮುತ್ತಿನದಂತೆ ಮುತ್ತಿನದು! ಅನ್ನ ಬಸಿದ ತೆಳಿಗೆ ಮೀನಿನ ಹುರುಪೆ ಉದುರಿಸಿದ ಹಾಗಿತ್ತು.

"ಇದನ್ನ ಹಚ್ಚಿದ್ರೂ ಹಚ್ಚದೆ ಇದ್ರೂ ಒಂದೇ ಅಲ್ದಾ? ಉಗುರಿನ ಬಣ್ಣವೇ ಉಗುರಿಗೆ! ಕೆಂಪು ನೋಡೋಣ" ಎಂದೆ.

ಸರೋಜ ನಕ್ಕಳು. "ನೀವ್ಯಾಕೆ ತಲೆ ಕೆಡಿಸ್ಕೊಳ್ತೀರಿ ಬಿಡಿ ಅಜ್ಜಿ. ಇದೇನು ಗೋಡೆಗೆ ಬಳಿಯೋ ಕೆಮ್ಮಣ್ಣಾ?"

ಒಳಗೆ ಹಾಲು ಕಾಯಿಸುತ್ತಿದ್ದ ಸೊಸೆ ಬೆಳ್ಳಮ್ಮನ ಕೈಯಿಂದ ಸೌಟು ಬಿತ್ತು. ನಾನು ತಾಳ್ಮೆಯ ಹೆಂಗಸು. ಯಾರನ್ನು ಬೇಕಾದರೂ ಕೇಳಿ. ಆದರೆ ಕೆಮ್ಮಣ್ಣಿನ ಮೇಲೆ ಬಂದರೆ ಮಾತ್ರ ತಾಳುವುದಿಲ್ಲ.

"ನೋಡು ಸರೋಜ, ಇದರಲ್ಲಿ ಯಾವುದು ಹಚ್ಚಬೇಕು ಅಂತ ನಾನು ಹೇಳ್ತೀನಿ. ಫೋಟೋ ಬಂದ ಮೇಲೆ ನನ್ನ ಮಾತು ಸುಳ್ಳಾದ್ರೆ, ನಿಮ್ಮನೇಲಿ ನಿನ್ನ ಕಿರಿ ತಮ್ಮನ ಮದ್ವೆ ಬರುತ್ತಲ್ಲ, ಆ ಹಸೆ ನಾನು ಬರೆಯೋದಿಲ್ಲ. ನೀನು ಬರಿ. ನಾನು ಪಕ್ಕದಲ್ಲಿ ಗರಟೆ ಹಿಡ್ಕೊಂಡು ಕೂರ್ತೀನಿ."

ಗರಟೆ ಹಿಡಿಯುವುದೆಂದರೆ ನಮ್ಮಲ್ಲಿ ಲಂಗ ತೊಟ್ಟ ಹುಡುಗಿಯರ ಕೆಲಸ. ಕುಂಚ ಹಿಡಿದವಳು ಕೈ ಚಾಚಿದಾಗ ಬಣ್ಣ ಒಡ್ಡಬೇಕು, ಬಾಯಿ ಬಿಡಬಾರದು. ಹಸೆ ಬರೆಯುವವಳು ಮತ್ತೆ ಗರಟೆ ಹಿಡಿದರೆ, ದೊರೆ ಸಿಂಹಾಸನದಿಂದಿಳಿದು ಚಾಮರ ಬೀಸಿದ ಹಾಗೆ.

"ಆಗ್ಲಿ ಅಜ್ಜಿ" ಎಂದಳು ಸರೋಜ, ಕಣ್ಣು ಮಿಟುಕಿಸದೆ. "ನಂಗೆ ಒಂದು ಗೆರೆ ನೆಟ್ಟಗೆ ಎಳೆಯೋಕೆ ಬರಲ್ಲ. ಆದ್ರೂ ಆಗ್ಲಿ."

ಅವಳ ಬಸ್ಸು ಹೋದ ಮೇಲೆ ಶರಾವತಿ ಅಳುಮೋರೆ ಮಾಡಿದಳು. "ಅಜ್ಜೀ, ಅವರಕ್ಕನ ಮಾತು ಮೀರಿ ಹೋದ್ರೆ ನಾಳೆ ಆ ಮನೇಲಿ ನಾನು ಬಾಳ್ಬೇಕಲ್ಲ?"

"ಬಾಳೋದು ನೀನು. ಗೆಲ್ಲೋದು ನಾನು. ಸುಮ್ಮನಿರು."

ಯಜಮಾನರು ಜಗಲಿಯ ಮೂಲೆಯಿಂದ ಕೆಮ್ಮಿದರು. "ಅಲ್ವೇ, ಆ ಫೋಟೋದಲ್ಲಿ…"

"ನಿಮ್ಮನ್ನ ಯಾರು ಕೇಳಿದ್ರು?" ಎಂದೆ. ಅವರು ಮತ್ತೆ ಅಡಿಕೆ ಕತ್ತರಿಸತೊಡಗಿದರು.

ಮರುದಿನದಿಂದ ನಮ್ಮ ಮನೆಯಲ್ಲಿ ವರ್ಣಪರೀಕ್ಷಾ ಮಹಾಯಾಗ ಪ್ರಾರಂಭವಾಯಿತು. ಹೋಮಕುಂಡ ನನ್ನ ಬಲಗೈ. ಎಡಗೈಗೆ ಏಕೆ ಹಚ್ಚಲಿಲ್ಲ ಎಂದು ನೀವು ಕೇಳಬಹುದು. ಸೆಗಣಿ ಬಾಚುವುದು, ಬೂದಿಯಲ್ಲಿ ಪಾತ್ರೆ ತಿಕ್ಕುವುದು, ಹುಣಿಸೆ ಕಿವುಚುವುದು ಎಲ್ಲ ಬಲಗೈ. ದುಡಿಯುವ ಕೈಯಲ್ಲಿ ಉಳಿದ ಬಣ್ಣವೇ ಬಣ್ಣ. ಆದ್ದರಿಂದ ಎಡಗೈಯಲ್ಲಿ ಬಲಗೈಗೆ ಹಚ್ಚಿದೆ. ಹೆಬ್ಬೆರಳಿಗೆ ಕೆಂಪು, ನಡುಬೆರಳಿಗೆ ಗುಲಾಬಿ, ಉಂಗುರದ ಬೆರಳಿಗೆ ಮುತ್ತಿನದು. ಇಡೀ ಗೋಡೆಗೆ ನೇರ ಎಳೆ ಎಳೆಯುವ ನಾನು ಒಂದು ಉಗುರಿನ ಗಡಿಯೊಳಗೆ ನಿಲ್ಲಲಾರದೆ ಬೆರಳಿನ ಅರ್ಧಕ್ಕೂ ಬಳಿದುಕೊಂಡೆ. ಆ ವಾಸನೆಯೋ! ಕೊಟ್ಟಿಗೆಯಲ್ಲಿದ್ದ ಹಸು ಹುಲ್ಲು ಬಿಟ್ಟು ತಿರುಗಿ ನೋಡಿತು.

ಮೊದಲು ಬಿಸಿಲಿನ ಪರೀಕ್ಷೆ. ಅಂಗಳದಲ್ಲಿ ಕೈ ಚಾಚಿ ನಿಂತೆ. ಕೆಂಪು ದಾಸವಾಳದ ಹಾಗೆ ಉರಿಯಿತು. ಗುಲಾಬಿಗೆ ಹೊಳಪೇ ಇಲ್ಲ, ತೊಳೆದು ತೊಳೆದು ಮಾಸಿದ ಕುಪ್ಪಸದ ಬಣ್ಣ. ಮುತ್ತಿನದು ಬಿಸಿಲಲ್ಲಿ ಪಳಪಳ ಎಂದದ್ದು ನಿಜ, ಆದರೆ ಬಣ್ಣ ಯಾವುದು ಎಂದರೆ ಹೇಳುವಂತಿರಲಿಲ್ಲ. ಹೆಸರಿಲ್ಲದ ಬಣ್ಣ ನನಗೆ ಆಗುವುದಿಲ್ಲ.

ಆಮೇಲೆ ಬೆಳಕಿನ ಪರೀಕ್ಷೆ. ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಕಟ್ಟಿ ಎಲ್ಲೆಲ್ಲಿಗೋ ಕರೆಂಟು ಕಳಿಸುತ್ತಿದ್ದರೂ ನಮ್ಮ ಮನೆಗೆ ಚಿಮಣಿ ಬುಡ್ಡಿಯೇ ಗತಿ. ಅದರ ಮುಂದೆ ಮೂರು ಬೆರಳೂ ಚೆಂದ ಕಂಡವು. (ಚಿಮಣಿ ಬುಡ್ಡಿಯ ಮುಂದೆ ನಮ್ಮ ಯಜಮಾನರೂ ಚೆಂದ ಕಾಣುತ್ತಾರೆ.) ಅದು ಲೆಕ್ಕಕ್ಕಿಲ್ಲ. ಮದುವೆಗೆಂದು ತಂದಿಟ್ಟಿದ್ದ ಗ್ಯಾಸ್‌ಲೈಟನ್ನು ಮುಂಚಿತವಾಗಿಯೇ ಹೊತ್ತಿಸಿದೆ. ಆ ಬಿಳಿ ಬೆಳಕಿಗೆ ಗುಲಾಬಿ ಬೂದಿಯಾಯಿತು. ಅಲ್ಲಿಗೆ ಗುಲಾಬಿಯ ಕಥೆ ಮುಗಿಯಿತು.

ಮೂರನೆಯದು ಕೆಲಸದ ಪರೀಕ್ಷೆ. ಅಂಗಳಕ್ಕೆ ಸೆಗಣಿ ಸಾರಿಸಿದೆ. ಬೇಡವೆಂದರೂ ಬೆಳ್ಳಮ್ಮನ ಕೈಯಿಂದ ಕಿತ್ತುಕೊಂಡು ಮದುವೆಯ ಹಂಡೆಗಳನ್ನೆಲ್ಲ ಬೂದಿ ಹಾಕಿ ತಿಕ್ಕಿದೆ. ಬಣ್ಣ ಅಂಚಿನಲ್ಲಿ ಎದ್ದರೆ ಮತ್ತೆ ಹಚ್ಚಿದೆ, ಮತ್ತೆ ತಿಕ್ಕಿದೆ. ಸೊಸೆಗೆ ಇದರಿಂದ ಸುಖವಾಯಿತು. "ಅತ್ತೆ, ಬಣ್ಣ ಗಟ್ಟಿನಾ ಅಂತ ನೋಡೋಕೆ ಅಟ್ಟದ ಮೇಲಿನ ಪಾತ್ರೆನೂ ಇಳಿಸ್ಲಾ?" ಎಂದು ವಿನಯದಿಂದ ಕೇಳಿದಳು.

ಯಜಮಾನರು ಮಾತ್ರ ಊಟಕ್ಕೆ ಕೂತು ತಟ್ಟೆಯನ್ನು ಅನುಮಾನದಿಂದ ನೋಡಿದರು.

"ಇದರಲ್ಲಿ ಎಂತ ಕೆಂಪಗಿದೆ?"

"ಮೆಣಸು."

"ಮೆಣಸು ಹೊಳೆಯುತ್ತಾ ಮಾರಾಯ್ತಿ?"

"ಹೊಸ ಮೆಣಸು. ಉಣ್ಣಿ."

"ಬೂಟಿಗೆ ಪಾಲಿಶ್ ಹಾಕೋದು ಕಂಡಿದ್ದೆ, ಮರಕ್ಕೆ ಹಾಕೋದು ಕಂಡಿದ್ದೆ. ಹೊಟ್ಟೆಗೂ ಹಾಕೋ ಕಾಲ ಬಂತು" ಎಂದು ಗೊಣಗುತ್ತ ಒಂದು ತುತ್ತು ನುಂಗಿದರು. ಆಮೇಲೆ ಮತ್ತೆ ಶುರು. "ಅಲ್ವೇ ಗುತ್ಯಮ್ಮ, ಫೋಟೋದಲ್ಲಿ ಅಂದ್ರೆ…"

"ಉಣ್ಣುವಾಗ ಮಾತಾಡ್ಬೇಡಿ, ನೆತ್ತಿಗೆ ಹತ್ತುತ್ತೆ."

ನಾನು ಹೆಚ್ಚು ಓದಿದವಳಲ್ಲ. ಗೊತ್ತಿರುವುದೆಲ್ಲ ಕೇಳಿ ಕಲಿತದ್ದು. ಪೇಟೆಯ ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರು ಪಿಸುಗುಟ್ಟಿದರೆ ಅವರ ಮನೆಯ ಮೂರು ತಲೆಮಾರಿನ ಸುದ್ದಿ ನನಗೆ ಗೊತ್ತಾಗುತ್ತದೆ. ಲೋಕದಲ್ಲಿ ಎಲ್ಲರ ಮಾತಿಗೂ ನನ್ನ ಕಿವಿ ತೆರೆದಿದೆ. ಒಬ್ಬರ ಮಾತಿಗೆ ಮಾತ್ರ ಮದುವೆಯಾದ ವರ್ಷವೇ ಅಗಳಿ ಹಾಕಿಬಿಟ್ಟೆ. ಅದರಿಂದ ಈವರೆಗೆ ನಷ್ಟವೇನೂ ಆಗಿರಲಿಲ್ಲ.

ಉಳಿದದ್ದು ಕೆಂಪು ಮತ್ತು ಮುತ್ತು. ಮುತ್ತಿಗೆ ಅನ್ಯಾಯ ಮಾಡಿದೆ ಎಂದು ನಾಳೆ ಸರೋಜ ಹೇಳಬಾರದಲ್ಲ, ಅದಕ್ಕೆ ಅದನ್ನು ಕ್ರಮಪ್ರಕಾರ ನೋಡಿಬಿಡೋಣ ಎಂದುಕೊಂಡೆ. ನಮ್ಮ ಕ್ರಮವೆಂದರೆ ಬಣ್ಣ ಗರಟೆಯಲ್ಲಿರಬೇಕು. ಶೀಷೆಯ ಸಣ್ಣ ಬಾಯಲ್ಲಿ ಬಣ್ಣದ ಗುಣ ತಿಳಿಯುತ್ತದೆಯೇ? ಇಡೀ ಶೀಷೆಯನ್ನು ಗರಟೆಗೆ ಬಗ್ಗಿಸಿ, ಪುಂಡಿ ನಾರಿನಿಂದ ಕಲಕಿದೆ. ಸ್ವಲ್ಪ ಮಂದ ಎನಿಸಿತು. ಮಂದವಾದ ಬಣ್ಣಕ್ಕೆ ಯಾರಾದರೂ ಏನು ಮಾಡುತ್ತಾರೆ? ನೀರು ಹಾಕುತ್ತಾರೆ. ನಾನೂ ಹಾಕಿದೆ.

ಹಾಲು ಒಡೆದದ್ದನ್ನು ನೀವು ಕಂಡಿದ್ದೀರಿ. ಮುತ್ತು ಒಡೆದದ್ದನ್ನು ಕಂಡವಳು ನಾನೊಬ್ಬಳೇ ಇರಬೇಕು. ನೋಡುತ್ತಿದ್ದಂತೆ ಅದು ಗಂಟುಗಂಟಾಗಿ ನಾರಿಗೆ ಅಂಟಿ, ನಾರು ಗರಟೆಗೆ ಅಂಟಿ, ಗರಟೆ ನನ್ನ ಕೈಗೆ ಅಂಟಿತು. ಬಿಡಿಸಿಕೊಳ್ಳುವಷ್ಟರಲ್ಲಿ ಆ ಬಣ್ಣ ಲೋಕದಲ್ಲಿ ಉಳಿದದ್ದು ನನ್ನ ಉಂಗುರದ ಬೆರಳಿನ ಉಗುರಿನ ಮೇಲೆ ಮಾತ್ರ. ಬೇಕಂತಲೇ ಮಾಡಿದೆ ಎಂದು ಶರಾವತಿ ಅತ್ತಳು. ನಾನು ದೇವರಾಣೆ ಹಾಕಿದೆ. ಆದರೆ ನೀರಲ್ಲೇ ಒಡೆಯುವ ಬಣ್ಣ ಧಾರೆಯ ನೀರಿಗೆ ನಿಲ್ಲುತ್ತದೆಯೇ ಎಂಬ ಪ್ರಶ್ನೆಯನ್ನೂ ಕೇಳಿದೆ. ಕೆಂಪು ಗೆದ್ದಿತು.

ಮದುವೆಯ ದಿನ ಶರಾವತಿಯ ಹತ್ತು ಉಗುರೂ ಕೆಂಡದ ಹಾಗೆ ಇದ್ದವು. ಹೆಂಗಸರೆಲ್ಲ ಅವಳ ಕೈ ಹಿಡಿದು ಹಿಡಿದು ನೋಡಿದರು. ಸರೋಜ ಬಂದವಳೇ ನೋಡಿ, "ಮುತ್ತಿಂದು ಎಲ್ಲಿ ಅಜ್ಜಿ?" ಎಂದಳು.

"ಪರೀಕ್ಷೆಯಲ್ಲಿ ಫೇಲಾಯ್ತು" ಎಂದೆ.

ನನ್ನ ಬಲಗೈಯ ಮೂರು ಬಣ್ಣ ಮಾತ್ರ ಹಾಗೇ ಉಳಿದುಬಿಟ್ಟಿತ್ತು. ಹುಣಿಸೆಹಣ್ಣು, ಸೀಮೆಎಣ್ಣೆ, ಸೀಗೆಪುಡಿ ಯಾವುದಕ್ಕೂ ಜಗ್ಗಲಿಲ್ಲ. ಬರುವಾಗ ಹೋಗುವಾಗ ಸೆರಗಿನೊಳಗೆ ಕೈ ಅಡಗಿಸಿಕೊಂಡು ಓಡಾಡಿದೆ. ಧಾರೆಯ ಹೊತ್ತು ಬಂತು. ತಂದೆತಾಯಿ ಧಾರೆಯ ನೀರು ಎರೆದ ಮೇಲೆ ಹಿರಿಯರೆಲ್ಲ ಒಬ್ಬೊಬ್ಬರಾಗಿ ಮದುಮಕ್ಕಳ ಕೈಮೇಲೆ ಹಾಲು ಎರೆಯುತ್ತಾರೆ. ಫೋಟೋದ ಶ್ಯಾಮ ಪೆಟ್ಟಿಗೆ ಹೊತ್ತು ಕಂಬದ ಬುಡದಲ್ಲಿ ನಿಂತಿದ್ದ. ಅವನು ಇನ್ನೇನು ಒತ್ತಬೇಕು, ನನಗೆ ತಡೆಯಲಾಗಲಿಲ್ಲ.

"ಏ ಶ್ಯಾಮ, ತಡಿ! ನಾನು ಎರೆಯುವಾಗ ತೆಗಿ. ಈಚೆ ಬಾ, ಬಿಸಿಲು ಬೀಳೋ ಕಡೆ. ಹುಡುಗಿ ಉಗುರು ಕಾಣ್ಬೇಕು, ಹತ್ತಿರದಿಂದ ತೆಗಿ!"

ಶರಾವತಿಯ ಬೆರಳುಗಳನ್ನು ನಾನೇ ಬಿಡಿಸಿ, ಬೆಳಕಿಗೆ ತಿರುಗಿಸಿ, ಹಾಲಿನ ಗಿಂಡಿ ಎತ್ತಿದೆ. ಶ್ಯಾಮ ಒತ್ತಿದ. ನನ್ನ ಜಯಘೋಷದ ಭರದಲ್ಲಿ ಹಾಲು ಮದುಮಗನ ಪಂಚೆಯ ಮೇಲೂ ಬಿತ್ತು.

ಫೋಟೋವನ್ನು ಚೌಕಟ್ಟು ಹಾಕಿಸಿ ಹೊತ್ತು ತಂದವಳು ಸರೋಜಳೇ. ಜಗಲಿಯಲ್ಲಿ ಎಲ್ಲರ ಮುಂದೆ ಕಾಗದ ಬಿಚ್ಚಿದಳು. ನಾನು ಕಣ್ಣಿಗೆ ಕನ್ನಡಕ ಏರಿಸಿದೆ. ಇಳಿಸಿದೆ. ಒರೆಸಿ ಮತ್ತೆ ಏರಿಸಿದೆ.

ಮದುಮಗಳ ಹತ್ತು ಉಗುರೂ ಕರಿ ಕರಿ. ಒಲೆಯ ಮಸಿ ಬಳಿದು ಬಂದವಳ ಹಾಗೆ, ಗದ್ದೆಯಲ್ಲಿ ನಾಟಿ ಮುಗಿಸಿ ಕೈ ತೊಳೆಯದೆ ಧಾರೆಗೆ ಕೂತವಳ ಹಾಗೆ.

"ಕೆಂಪು ಎಲ್ಲಿ ಹೋಯ್ತು?" ಎಂದೆ.

"ಕಪ್ಪು ಬಿಳುಪಿನ ಫೋಟೋ ಅಲ್ವಾ ಅಜ್ಜಿ" ಎಂದಳು ಸರೋಜ, ಮೆತ್ತಗೆ. "ಅದರಲ್ಲಿ ಕೆಂಪೂ ಕಪ್ಪೇ. ಅದಕ್ಕೇ ಶ್ಯಾಮನ ಹತ್ರ ಕೇಳ್ಕೊಂಡೇ ಮುತ್ತಿಂದು ತಂದಿದ್ದೆ."

ಗೋಡೆಯ ಮೇಲೆ ನಮ್ಮ ಮಾವನವರ ಫೋಟೋ ತೂಗುತ್ತಿತ್ತು. ಅದರ ಬಣ್ಣ ಕಾಲ ಕಳೆದು ಮಾಸಿದ್ದು ಎಂದೇ ನಾನು ಅಷ್ಟು ವರ್ಷವೂ ತಿಳಿದಿದ್ದೆ.

ಆದರೂ ನಾನು ಬಿಡುವವಳೇ? "ನಿನ್ನ ಮುತ್ತಿಂದು ಹಚ್ಚಿದ್ರೆ ಇದಕ್ಕಿಂತ ಚೆಂದ ಬರ್ತಿತ್ತು ಅನ್ನೋಕೆ ಎಂತ ಸಾಕ್ಷಿ?" ಎಂದೆ.

ಸರೋಜ ಫೋಟೋದ ಮೇಲೆ ಬೆರಳಿಟ್ಟು ತೋರಿಸಿದಳು. ಗಿಂಡಿ ಹಿಡಿದ ಒಂದು ಮುದಿಕೈ. ಹೆಬ್ಬೆರಳ ಉಗುರು ಇದ್ದಿಲು. ನಡುಬೆರಳಿನದು ಕೆಸರು. ಅದರ ಪಕ್ಕದಲ್ಲಿ ಉಂಗುರದ ಬೆರಳಿನ ತುದಿಯಲ್ಲಿ ಮಾತ್ರ ಆಗ ತಾನೇ ಬಿರಿದ ಮಲ್ಲಿಗೆ ಮೊಗ್ಗಿನ ಹಾಗೆ ಒಂದು ಬೆಳಕು. ಇಡೀ ಫೋಟೋದಲ್ಲಿ ಮೊದಲು ಕಣ್ಣಿಗೆ ಬೀಳುವುದೇ ಅದು.

"ಅಜ್ಜಿ, ಹಸೆಗೋಡೆ ಮೇಲೂ ಬಿಳಿ ಎಳೆನೇ ಅಲ್ವಾ ಎದ್ದು ಕಾಣೋದು?" ಎಂದಳು ತವರಿಗೆ ಬಂದಿದ್ದ ಶರಾವತಿ. ಆಗಲೇ ಗಂಡನ ಅಕ್ಕನ ಪಕ್ಷ ಸೇರಿದ್ದಳು!

ಮೂಲೆಯಿಂದ ಕೆಮ್ಮು ಕೇಳಿಸಿತು. "ನಾನು ಅವತ್ತೇ ಹೇಳೋಕೆ ಬಂದೆ."

"ಬಂದವರು ಹೇಳ್ಬೇಕಿತ್ತು!" ಎಂದು ಗದರಿದೆ.

ಆಡಿದ ಮಾತಿಗೆ ತಪ್ಪುವವಳಲ್ಲ ನಾನು. ಸರೋಜಳ ಕಿರಿ ತಮ್ಮನ ಮದುವೆಗೆ ಸಾಗರಕ್ಕೆ ಹೋದೆ. "ತಮಾಷೆಗೆ ಅಂದಿದ್ದು ಅಜ್ಜಿ, ನೀವೇ ಬರೀರಿ" ಎಂದು ಅವಳು ಎಷ್ಟು ಹೇಳಿದರೂ ಕುಂಚ ಮುಟ್ಟಲಿಲ್ಲ. ಗರಟೆ ಹಿಡಿದು ನೆಲದ ಮೇಲೆ ಕೂತೆ. ಅವಳು ಎಳೆ ಎಳೆದಳು. ಅಯ್ಯೋ, ಆ ಎಳೆಯೇ! ದಂಡಿಗೆ ಪಲ್ಲಕ್ಕಿ ಬರೆಯಲು ಹೋಗಿ ಕಾಲು ಮುರಿದ ಮಂಚ ಬರೆದಳು. ಬಾಸಿಂಗ ಒಂದು ಕಡೆ ವಾಲಿತು. ಅಕ್ಕಿ ಹಿಟ್ಟಿನ ಬಿಳಿ ಕೆಮ್ಮಣ್ಣಿನ ಮೇಲೆ ಹನಿಹನಿಯಾಗಿ ಇಳಿಯಿತು. ನಾನು ನಾಲಿಗೆ ಕಚ್ಚಿಕೊಂಡೆ, ತುಟಿ ಕಚ್ಚಿಕೊಂಡೆ, ಕೊನೆಗೆ ಸೆರಗನ್ನೇ ಬಾಯಿಗೆ ತುರುಕಿಕೊಂಡೆ. ಒಂದು ಮಾತೂ ಆಡಲಿಲ್ಲ. ಗೆಲ್ಲಲು ಆಗದಿದ್ದರೂ ಸರಿಯಾಗಿ ಸೋಲಬೇಕೆಂಬ ಹಟ ನನ್ನದು.

ಆಗ ಯಜಮಾನರು ಒಳಗೆ ಬಂದರು. ಬಾಗಿಲಲ್ಲೇ ನಿಂತರು. ಗೋಡೆಯನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ನೋಡಿದರು. ಬಾಯಲ್ಲಿದ್ದ ಎಲೆಯಡಿಕೆಯನ್ನು ಒಂದು ದವಡೆಗೆ ಸರಿಸಿಕೊಂಡರು.

"ಆಹಾ!" ಎಂದರು. "ಎಂತ ಚೆಂದ ಬರ್ದಿದೀಯ ಮಗಾ!"

ಗರಟೆ ನನ್ನ ಕೈಯಿಂದ ಜಾರಿತು.